ಬಿಸಿಲನ್ನು ಹೀರುವ ಪೊರೆ

ಒಂದೇ ಭತ್ತದಿಂದ ಅಕ್ಕಿಯೂ ಆಗುತ್ತದೆ, ಅವಲಕ್ಕಿಯೂ ಆಗುತ್ತದೆ. ಅವಲಕ್ಕಿ ನೀರು ತಾಕಿದೊಡನೆ ನೆನೆಯುತ್ತದೆ. ಅಕ್ಕಿಗೆ ಹೊತ್ತು ಬೇಕು. ಧಾನ್ಯ ಒಂದೇ, ಒಳಗಿನ ಕಟ್ಟು ಬೇರೆ. ಬಿಸಿಲಿನಿಂದ ವಿದ್ಯುತ್ತು ಕೊಡುವ ಸಿಲಿಕಾನಿನ ಸಂಗತಿಯೂ ಹೀಗೆಯೇ. ಈ ಪಾಠ ನನಗೆ ಒಂದು ಜಗಳದ ಬೆಲೆಗೆ ದೊರೆಯಿತು.

ನಾನು ಫರೀದಾಬಾದಿಗೆ ವರ್ಗವಾಗಿ ಬಂದ ಮೊದಲ ಬೇಸಗೆಯಲ್ಲಿ ದಿನವೂ ಕರೆಂಟು ಹೋಗುತ್ತಿತ್ತು. ಪೇಟೆಯಿಂದ ಕಂದುಬಣ್ಣದ ಗಾಜಿನ ಸೋಲಾರ್ ಹಲಗೆಯೊಂದನ್ನು ಅಗ್ಗಕ್ಕೆ ತಂದು ಮಾಳಿಗೆಯ ಮೇಲಿಟ್ಟೆ. ರಾತ್ರಿ ಊಟ ಮುಗಿದು ಪಾತ್ರೆ ತೊಳೆಯುವವರೆಗೂ ದೀಪ ಉರಿಯುತ್ತಿತ್ತು. ಮರುವರ್ಷ, ಅದೇ ಉರಿಬಿಸಿಲಿನಲ್ಲಿ, ಊಟದ ನಡುವೆಯೇ ಮಂಕಾಗತೊಡಗಿತು. ಮೀಟರು ಹಿಡಿದು ನೋಡಿದ ಎಲೆಕ್ಟ್ರೀಷಿಯನ್, ಬ್ಯಾಟರಿ ಸರಿಯಾಗಿದೆ, ಹಲಗೆಯ ಕಸುವೇ ಇಳಿದಿದೆ ಎಂದ. ನಾನು ಅಂಗಡಿಗೆ ಹೋಗಿ, ಹಳೆಯ ಮಾಲು ಕೊಟ್ಟಿರೆಂದು ನಾಲ್ಕು ಜನರೆದುರು ಕೂಗಾಡಿದೆ. "ಬಾಬೂಜಿ, ಹೊಸದನ್ನೇ ಕೊಟ್ಟೆ" ಎಂದು ಆ ಮುದುಕ ಕೈಮುಗಿದ.

ನಿಜವನ್ನು ತಿಳಿಸಿದವರು ನಮ್ಮ ಸಂಘದ ಹಿರಿಯ ಇಂಜಿನಿಯರರೊಬ್ಬರು. "ಗುಡಗಾಂವ್ ರಸ್ತೆಯ ಗ್ವಾಲ್‌ಪಹಾಡಿ ನೋಡಿದ್ದೀರಲ್ಲ? ಹಿಂದೆ ಭಾರತ್ ಹೆವಿ ಎಲೆಕ್ಟ್ರಿಕಲ್ಸ್‌ನವರು ಇಂಥ ಹಲಗೆಗಳನ್ನು ಅಲ್ಲಿಯೇ ಮಾಡುತ್ತಿದ್ದರು" ಎಂದು ಆರಂಭಿಸಿದರು.

ಪ್ರತಿಯೊಂದು ಸಿಲಿಕಾನ್ ಪರಮಾಣುವಿಗೂ ನಾಲ್ಕು ಕೈಗಳೆಂದು ಭಾವಿಸಿರಿ. ಹರಳಿನಲ್ಲಿ ಅವು ಮದುವೆಮನೆಯ ಪಂಕ್ತಿಯಂತೆ ಸಾಲಾಗಿ ಕೈಹಿಡಿದು ಕುಳಿತಿರುತ್ತವೆ. ಅನಿಲದಿಂದ ಗಾಜಿನ ಮೇಲೆ ಪೊರೆಯಾಗಿ ಇಳಿಸಿದಾಗ ಸಾಲು ಕೆಡುತ್ತದೆ. ಈ ಅಸ್ತವ್ಯಸ್ತತೆಯಿಂದ ಒಂದು ಲಾಭವುಂಟು: ಬೆಳಕನ್ನು ಹೀರುವ ಶಕ್ತಿ ಹೆಚ್ಚುತ್ತದೆ. ಹರಳಿನ ಬಿಲ್ಲೆ ನೂರೈವತ್ತು ಮೈಕ್ರಾನಿನಷ್ಟು ದಪ್ಪವಿದ್ದರೆ, ಪೊರೆಗೆ ಒಂದು ಮೈಕ್ರಾನೂ ಬೇಡ. ನಷ್ಟವೂ ಉಂಟು: ಕೆಲವು ಕೈಗಳು ಜೊತೆಯಿಲ್ಲದೆ ಚಾಚಿಕೊಂಡೇ ಉಳಿದು, ಬೆಳಕು ಬಿಡಿಸಿದ ಎಲೆಕ್ಟ್ರಾನುಗಳನ್ನು ದಾರಿಯಲ್ಲೇ ಹಿಡಿದುಬಿಡುತ್ತವೆ. ಪೊರೆಯಲ್ಲಿ ಜಲಜನಕವನ್ನು ಬೆರೆಸಿದರೆ ಅದು ಆ ಕೈಗಳನ್ನು ತುಂಬುತ್ತದೆ. ಈ ಉಪಾಯದಿಂದಲೇ 1976ರಲ್ಲಿ ಅಮೆರಿಕದ ಕಾರ್ಲ್‌ಸನ್ ಮತ್ತು ರಾನ್‌ಸ್ಕಿ ಎಂಬ ವಿಜ್ಞಾನಿಗಳು ಇಂಥ ಮೊದಲ ಸೌರಕೋಶವನ್ನು ಪ್ರಕಟಿಸಿದರು. ಬಿದ್ದ ಬೆಳಕಿನಲ್ಲಿ ವಿದ್ಯುತ್ತಾದದ್ದು ಶೇಕಡಾ 2.4 ಮಾತ್ರ.

ಮರುವರ್ಷವೇ ಸ್ಟೇಬ್ಲರ್ ಮತ್ತು ಅದೇ ರಾನ್‌ಸ್ಕಿ ಒಂದು ವಿಚಿತ್ರವನ್ನು ಕಂಡರು. ಬಹಳ ಹೊತ್ತು ಬೆಳಕಿನಲ್ಲಿಟ್ಟರೆ ಪೊರೆಯ ಗುಣ ಕುಗ್ಗುತ್ತದೆ. 150 ಡಿಗ್ರಿಗೂ ಮೀರಿ ಕಾಯಿಸಿದರೆ ಮರಳಿ ಬರುತ್ತದೆ. ಬೆಳಕೇ ಒಳಗಿನ ದುರ್ಬಲ ಹಿಡಿತಗಳನ್ನು ಸಡಿಲಿಸಿ ಹೊಸದಾಗಿ ಕೈಚಾಚಿಸುತ್ತದೆಯೆಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಮೊದಲ ತಿಂಗಳುಗಳಲ್ಲಿ ಶೇಕಡಾ ಹತ್ತರಿಂದ ಮೂವತ್ತರವರೆಗೂ ಕಸುವು ಇಳಿಯುವುದುಂಟು. ಅನಂತರ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಪೊರೆಯೊಳಗೆ ಸಣ್ಣ ಸಣ್ಣ ಹರಳುಗಳನ್ನು ಬೆಳೆಸಿದರೆ ಈ ಇಳಿತ ಕಡಿಮೆಯಾಗುತ್ತದೆ.

ಅಂದರೆ ಯಾರೂ ನನಗೆ ಮೋಸ ಮಾಡಿರಲಿಲ್ಲ. ಮರುದಿನ ಅಂಗಡಿಗೆ ಹೋಗಿ ಕ್ಷಮೆ ಕೇಳಿದೆ. ಮುದುಕ ಚಹಾ ತರಿಸಿದ; ಈ ವಿಷಯ ಪಾಪ ಅವನಿಗೂ ತಿಳಿದಿರಲಿಲ್ಲ.

ಇಂದು ಮನೆಗಳ ಮೇಲೆ ಕಾಣುವ ಹಲಗೆಗಳು ಹೆಚ್ಚಾಗಿ ಹರಳಿನವು. ಅವು ಇಷ್ಟು ಇಳಿಯುವುದಿಲ್ಲ. ಅಗ್ಗವೆಂದು ಪೊರೆಯ ಹಲಗೆ ಕೊಳ್ಳುವವರು ಮಾತ್ರ, ಬರೆದಿರುವ ವ್ಯಾಟು ಮೊದಲ ದಿನದ್ದೋ ನೆಲೆನಿಂತ ಮೇಲಿನದೋ ಎಂದು ಕೇಳಿಯೇ ಹಣ ಕೊಡಬೇಕು.

ನನ್ನ ಹಲಗೆ ಈಗಲೂ ಮಾಳಿಗೆಯ ಮೇಲಿದೆ. ತುಳಸಿಯ ಮುಂದಿನ ಸಣ್ಣ ದೀಪಕ್ಕೆ ಅದರ ಕಸುವು ಸಾಕು.