ಅನಿಲದ್ರಾವ್ಯತೆಯ ಸ್ಥಿರಾಂಕಗಳೂ ಗಣಕದ ಅಂದಾಜೂ

ಸಗಣಿಯಿಂದ ಅನಿಲವನ್ನು ಪಡೆದು ಒಲೆ ಉರಿಸುವ ತೊಟ್ಟಿಗಳು ನಮ್ಮ ತಾಳವಾಡಿ ಬೆಟ್ಟಸೀಮೆಯ ರೈತರಿಗೆ ಅಪರಿಚಿತವಲ್ಲ. ಗೋಬರ್ ಗ್ಯಾಸ್ ಎಂದೇ ಎಲ್ಲರೂ ಕರೆಯುವ ಈ ಅನಿಲದಲ್ಲಿ ಉರಿಯುವ ಭಾಗ ಮಿಥೇನ್. ಅದು ಸ್ಥೂಲವಾಗಿ ನೂರಕ್ಕೆ 55ರಿಂದ 65ರಷ್ಟು. ಉಳಿದುದರಲ್ಲಿ ಬಹುಪಾಲು ಉರಿಯದ ಇಂಗಾಲದ ಡೈಆಕ್ಸೈಡ್. ಈ ಉರಿಯದ ಭಾಗವನ್ನು ಬೇರ್ಪಡಿಸಲು ಇರುವ ಸರಳ ವಿಧಾನವೆಂದರೆ ಅನಿಲವನ್ನು ನೀರಿನಿಂದ ತೊಳೆಯುವುದು. ಎತ್ತರವಾದ ಕೊಳವೆಯಲ್ಲಿ ಮೇಲಿನಿಂದ ನೀರು ಇಳಿಯುತ್ತದೆ; ಕೆಳಗಿನಿಂದ ಒತ್ತಡಕ್ಕೊಳಪಡಿಸಿದ ಅನಿಲ ಏರುತ್ತದೆ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಲೀನವಾಗಿ ಕೆಳಗೆ ಹರಿದುಹೋಗುತ್ತದೆ. ಮಿಥೇನ್ ಬಹುಮಟ್ಟಿಗೆ ಹಾಗೆಯೇ ಮೇಲೆ ಬರುತ್ತದೆ. ದೊಡ್ಡ ಸ್ಥಾವರಗಳಲ್ಲಿ ಇದು ರೂಢಿಯಲ್ಲಿರುವ ಕ್ರಮ.

ಒಂದು ಅನಿಲ ಕರಗಿ ಇನ್ನೊಂದು ಕರಗದೆ ಉಳಿಯುವುದೇಕೆ? ಎಷ್ಟರ ಮಟ್ಟಿಗೆ ಕರಗುತ್ತದೆ? ಇದಕ್ಕೆ ಉತ್ತರ ಹೇಳುವ ಅಂಕಿಗೆ ಹೆನ್ರಿ ಸ್ಥಿರಾಂಕವೆಂದು ಹೆಸರು. ಮ್ಯಾಂಚೆಸ್ಟರಿನ ರಸಾಯನಶಾಸ್ತ್ರಜ್ಞ ವಿಲಿಯಂ ಹೆನ್ರಿ 1803ರಲ್ಲಿ ಪ್ರಕಟಿಸಿದ ನಿಯಮ ಸರಳವಾದುದು: ಉಷ್ಣತೆ ಬದಲಾಗದಿದ್ದರೆ, ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಆ ದ್ರವದ ಮೇಲಿರುವ ಆ ಅನಿಲದ ಒತ್ತಡಕ್ಕೆ ಅನುಗುಣವಾಗಿರುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ, ಒಂದು ವಾಯುಭಾರದ ಒತ್ತಡದಲ್ಲಿ, ಒಂದು ಲೀಟರು ನೀರು ಸುಮಾರು 830 ಮಿಲಿಲೀಟರು ಇಂಗಾಲದ ಡೈಆಕ್ಸೈಡನ್ನು ನುಂಗುತ್ತದೆ. ಮಿಥೇನನ್ನಾದರೋ ಸುಮಾರು 34 ಮಿಲಿಲೀಟರು ಮಾತ್ರ. ಇಪ್ಪತ್ತನಾಲ್ಕು ಇಪ್ಪತ್ತೈದು ಪಟ್ಟಿನ ಈ ವ್ಯತ್ಯಾಸವೇ ಮೇಲ್ಕಂಡ ಕೊಳವೆಯ ಸಮಸ್ತ ರಹಸ್ಯ.

ನಿಯಮ ಸರಳ; ಅದರ ಅಂಕಿಗಳನ್ನು ಇಟ್ಟುಕೊಳ್ಳುವ ಕೆಲಸ ಮಾತ್ರ ಸರಳವಲ್ಲ. ಒಬ್ಬನೇ ಮನುಷ್ಯ ಒಂದು ಮನೆಗೆ ಅಳಿಯ, ಇನ್ನೊಂದು ಮನೆಗೆ ಮಾವ, ಮತ್ತೊಂದಕ್ಕೆ ಚಿಕ್ಕಪ್ಪನಾಗಿರುವಂತೆ, ಒಂದೇ ಸ್ಥಿರಾಂಕ ಬೇರೆ ಬೇರೆ ಪುಸ್ತಕಗಳಲ್ಲಿ ಬೇರೆ ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಆಮ್ಲಜನಕವನ್ನೇ ತೆಗೆದುಕೊಳ್ಳೋಣ. 25 ಡಿಗ್ರಿಯಲ್ಲಿ ನೀರಿನೊಳಗೆ ಅದರ ಸ್ಥಿರಾಂಕ ಒಂದು ಕೋಷ್ಟಕದಲ್ಲಿ 0.0013; ಇನ್ನೊಂದರಲ್ಲಿ ಸುಮಾರು 770; ಮತ್ತೊಂದರಲ್ಲಿ 31; ಬೇರೊಂದರಲ್ಲಿ 43,000. ನಾಲ್ಕೂ ಸರಿಯೇ. ಮೊದಲನೆಯದು ಒಂದು ವಾಯುಭಾರಕ್ಕೆ ಒಂದು ಲೀಟರಿನಲ್ಲಿ ಕರಗುವ ಮೋಲುಗಳ ಲೆಕ್ಕ. ಎರಡನೆಯದು ಅದನ್ನೇ ತಲೆಕೆಳಗು ಮಾಡಿದ್ದು. ಮೂರನೆಯದು ಗಾಳಿಯಲ್ಲಿರುವ ಸಾಂದ್ರತೆಗೂ ನೀರಿನಲ್ಲಿರುವ ಸಾಂದ್ರತೆಗೂ ಇರುವ ಅನುಪಾತ. ಅದಕ್ಕೆ ಮಾನವೇ ಇಲ್ಲ. ನಾಲ್ಕನೆಯದು ಮೋಲಾಂಶದ ಲೆಕ್ಕದಲ್ಲಿ, ವಾಯುಭಾರಗಳಲ್ಲಿ ಹೇಳಿದ ಅಂಕಿ. ಇವುಗಳಲ್ಲಿ ಕೆಲವು ಅಂಕಿ ದೊಡ್ಡದಾದಷ್ಟೂ ಅನಿಲ ಹೆಚ್ಚು ಕರಗುತ್ತದೆಂದು ಹೇಳುತ್ತವೆ; ಕೆಲವು ದೊಡ್ಡದಾದಷ್ಟೂ ಅನಿಲ ಹೊರಗೆ ಹಾರಿಹೋಗುತ್ತದೆಂದು ಹೇಳುತ್ತವೆ. ಈ ಗೊಂದಲವನ್ನು ತಪ್ಪಿಸಲು ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವು ದ್ರಾವ್ಯತಾ ಸ್ಥಿರಾಂಕವೆಂದೂ ಬಾಷ್ಪಶೀಲತಾ ಸ್ಥಿರಾಂಕವೆಂದೂ ಎರಡು ಹೆಸರುಗಳನ್ನೇ ಬಳಸಬೇಕೆಂದು ಶಿಫಾರಸು ಮಾಡಿದೆ. ಹಳೆಯ ಪುಸ್ತಕಗಳಿಗೆ ಈ ಶಿಫಾರಸು ಗೊತ್ತಿಲ್ಲವಷ್ಟೆ.

‘ಸ್ಥಿರಾಂಕ’ವೆಂಬ ಮಾತೂ ಮಕ್ಕಳನ್ನು ದಾರಿ ತಪ್ಪಿಸುವಂಥದು. ನಮ್ಮ ಮಕ್ಕಳು ಕನ್ನಡದಲ್ಲಿ ಸ್ಥಿರಾಂಕವೆಂದು ಓದಿ, ತಮಿಳಿನಲ್ಲಿ ‘ಮಾರಿಲಿ’ ಎಂದು ಕೇಳುತ್ತಾರೆ. ಎರಡಕ್ಕೂ ಬದಲಾಗದ್ದು ಎಂದೇ ಅರ್ಥ. ಆದರೆ ಉಷ್ಣತೆ ಬದಲಾದರೆ ಈ ಸ್ಥಿರಾಂಕ ಖಂಡಿತವಾಗಿ ಬದಲಾಗುತ್ತದೆ. ಪುಷ್ಯಮಾಸದ ಚಳಿಯಲ್ಲಿ 15 ಡಿಗ್ರಿಗಿಳಿದ ನೀರು, 25 ಡಿಗ್ರಿಯ ನೀರಿಗಿಂತ ಸುಮಾರು ಮೂರನೆಯ ಒಂದು ಪಾಲಿನಷ್ಟು ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಇನ್ನು ಎತ್ತರದ ಮಾತು. ಬಣ್ಣಾರಿಯಿಂದ ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ ಮೇಲೆ ಬಂದರೆ ಗಾಳಿಯ ಒತ್ತಡ ಕಡಿಮೆಯಾಗುವುದು ನಿಜ. ಸಾವಿರ ಮೀಟರಿನ ಎತ್ತರದಲ್ಲಿ ಅದು ಸಮುದ್ರಮಟ್ಟಕ್ಕಿಂತ ನೂರಕ್ಕೆ ಹನ್ನೊಂದರಷ್ಟು ಕಡಿಮೆ. ಆದಕಾರಣ 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ 9.1 ಮಿಲಿಗ್ರಾಮಿನಷ್ಟಿರಬೇಕಾದ ಆಮ್ಲಜನಕ ಆ ಎತ್ತರದ ಕೆರೆಯಲ್ಲಿ 8.1ರ ಸುಮಾರಿಗಿಳಿಯುತ್ತದೆ. ಇಲ್ಲಿ ಬದಲಾದುದು ಒತ್ತಡವೇ ಹೊರತು ಸ್ಥಿರಾಂಕವಲ್ಲ. ಈ ಎರಡನ್ನು ಬೇರೆ ಬೇರೆಯಾಗಿ ಕಾಣಿಸಲು ಘಟ್ಟದ ಮೇಲಿನ ಶಾಲೆಗಿಂತ ಉತ್ತಮವಾದ ಸ್ಥಳ ಬೇರೆ ಬೇಕೆ?

ಅಂಕಿಯೊಂದು ತಪ್ಪಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಹನ್ನೆರಡನೆಯ ತರಗತಿಯಲ್ಲಿ ಬಹಳವಾಗಿ ಬಳಕೆಯಾದ ಪಠ್ಯಪುಸ್ತಕವೊಂದರ ಕೋಷ್ಟಕದಲ್ಲಿ ಬಾಷ್ಪಶೀಲತಾ ಸ್ಥಿರಾಂಕಗಳನ್ನು ಕಿಲೋಬಾರುಗಳಲ್ಲಿ ಕೊಟ್ಟಿದ್ದಾರೆ. ಇಂಗಾಲದ ಡೈಆಕ್ಸೈಡಿಗೆ 1.67, ಇದು ಸರಿಯಾಗಿದೆ. ಮಿಥೇನಿಗೆ 0.413. ಈ ಲೆಕ್ಕದಲ್ಲಿ ಅಂಕಿ ಚಿಕ್ಕದಾದಷ್ಟೂ ಅನಿಲ ಹೆಚ್ಚು ಕರಗಬೇಕು; ಅಂದರೆ ಮಿಥೇನ್ ಇಂಗಾಲದ ಡೈಆಕ್ಸೈಡಿಗಿಂತ ನಾಲ್ಕು ಪಟ್ಟು ಹೆಚ್ಚು ಕರಗಬೇಕಾಯಿತು! ಅಳತೆಗಳಿಂದ ಬರುವ ಮೌಲ್ಯ ಸುಮಾರು 40 ಕಿಲೋಬಾರು; ಮುದ್ರಿತವಾದುದು ಅದರ ನೂರನೆಯ ಒಂದು ಪಾಲು. ಈ ಅಂಕಿಯನ್ನು ನಂಬಿ ಗೋಬರ್ ಗ್ಯಾಸಿನ ಕೊಳವೆಯನ್ನು ರಚಿಸಿದರೆ, ಉರಿಯುವ ಅನಿಲ ನೀರಿನೊಡನೆ ಚರಂಡಿಗೆ ಹರಿದು, ಉರಿಯದ ಅನಿಲ ಒಲೆಗೆ ಬರುವುದೆಂದು ಲೆಕ್ಕ ತೋರಿಸೀತು. ಹುಡುಗರು ಈ ಕೋಷ್ಟಕವನ್ನು ಬಾಯಿಪಾಠ ಮಾಡುತ್ತಾರೆಯೇ ಹೊರತು ಎರಡು ಸಾಲುಗಳನ್ನು ಒಂದಕ್ಕೊಂದು ಹೋಲಿಸಿ ನೋಡುವುದಿಲ್ಲ. ಹೋಲಿಸಿ ನೋಡಲು ಕಲಿಸಬೇಕಾದವರು ನಾವು.

ಕಾಗದದ ಕೋಷ್ಟಕದಲ್ಲಿ ತಪ್ಪು ಕಣ್ಣಿಗೆ ಬೀಳುವುದಾದರೂ ಉಂಟು. ಗಣಕಯಂತ್ರದ ತಂತ್ರಾಂಶದೊಳಗೆ ಹೊಕ್ಕ ತಪ್ಪು ಕಣ್ಣಿಗೂ ಬೀಳದು. ಈ ತಂತ್ರಾಂಶಗಳು ಎರಡು ಬಗೆಯವು. ಕಾರ್ಖಾನೆಯ ಕ್ರಿಯೆಗಳನ್ನು ಗಣಕದಲ್ಲಿಯೇ ನಡೆಸಿ ನೋಡುವುದು ಒಂದು ಬಗೆ; ಮುಂಬಯಿಯ ಐ.ಐ.ಟಿ.ಯ ಫಾಸಿ ಯೋಜನೆಯವರು ವಿದ್ಯಾರ್ಥಿಗಳಲ್ಲಿ ಪ್ರಚಾರ ಮಾಡಿರುವ ಡಿ.ಡಬ್ಲ್ಯು.ಸಿಮ್ ಎಂಬ ಉಚಿತ ತಂತ್ರಾಂಶ ಈ ಜಾತಿಗೆ ಸೇರಿದುದು. ಆಮ್ಲಜನಕವಾಗಲಿ ಮಿಥೇನಾಗಲಿ ನಮ್ಮ ವಾಡಿಕೆಯ ಉಷ್ಣತೆಯಲ್ಲಿ ಎಷ್ಟು ಒತ್ತಿದರೂ ದ್ರವವಾಗುವುದಿಲ್ಲ. ಆದ್ದರಿಂದ ಅವುಗಳಿಗೆ ಆ ಉಷ್ಣತೆಯಲ್ಲಿ ಬಾಷ್ಪದೊತ್ತಡವೆಂಬುದೇ ಇಲ್ಲ. ಸಾಮಾನ್ಯ ಸೂತ್ರ ಇಲ್ಲಿ ನಡೆಯದೆ ಹೆನ್ರಿ ಸ್ಥಿರಾಂಕವನ್ನೇ ಆಶ್ರಯಿಸಬೇಕಾಗುತ್ತದೆ. ಸ್ಥಿರಾಂಕವು ಅನಿಲವೊಂದರದೇ ಆಸ್ತಿಯಲ್ಲ; ಅನಿಲ ಮತ್ತು ದ್ರಾವಕ ಸೇರಿದ ಜೋಡಿಯ ಆಸ್ತಿ. ನೀರಿನ ಸ್ಥಿರಾಂಕವನ್ನು ಬೆಂಜೀನಿಗೆ ಹಚ್ಚಲಾಗದು. ಪ್ರತಿಯೊಂದು ಜೋಡಿಗೂ ಉಷ್ಣತೆಯೊಡನೆ ಅದು ಹೇಗೆ ಬದಲಾಗುವುದೆಂಬ ಸೂತ್ರವನ್ನೂ, ಆ ಸೂತ್ರ ಯಾವ ಉಷ್ಣತೆಯಿಂದ ಯಾವ ಉಷ್ಣತೆಯವರೆಗೆ ಸಲ್ಲುವುದೆಂಬುದನ್ನೂ ಒಟ್ಟಿಗೆ ಇಟ್ಟಿರಬೇಕು.

ಎರಡನೆಯ ಬಗೆ ಅಂದಾಜಿನ ತಂತ್ರಾಂಶ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಸಿರಾಕ್ಯೂಸ್ ಸಂಶೋಧನಾ ನಿಗಮದೊಡನೆ ಸಿದ್ಧಪಡಿಸಿದ ಎಪಿ ಸೂಟ್ ಇದಕ್ಕೆ ಉದಾಹರಣೆ. ಅಣುವಿನ ರಚನೆಯನ್ನು ಅಕ್ಷರಗಳ ಒಂದು ಸಾಲಾಗಿ ಬರೆದುಕೊಟ್ಟರೆ ಅದರೊಳಗಿನ ಹೆನ್ರಿವಿನ್ ಎಂಬ ಭಾಗವು ಸ್ಥಿರಾಂಕವನ್ನು ಊಹಿಸಿಕೊಡುತ್ತದೆ. ಹೈನ್ ಮತ್ತು ಮುಖರ್ಜಿ ಎಂಬವರು 1975ರಲ್ಲಿ ಹೇಳಿದ, ಮೇಲನ್ ಮತ್ತು ಹೋವರ್ಡ್ 1991ರಲ್ಲಿ ವಿಸ್ತರಿಸಿದ ವಿಧಾನವಿದು: ಅಣುವಿನಲ್ಲಿರುವ ಬಂಧಗಳನ್ನು ಎಣಿಸುವುದು, ಒಂದೊಂದು ಬಂಧಕ್ಕೂ ಗೊತ್ತುಮಾಡಿದ ಬೆಲೆಯನ್ನು ಕೂಡಿಸುವುದು. ದಿನಸಿ ಅಂಗಡಿಯ ಚೀಟಿಯನ್ನು ಕೂಡಿದಂತೆಯೇ ಸರಿ. ಅಳತೆಯ ಮೌಲ್ಯ ದೊರೆತಿದ್ದರೆ ತಂತ್ರಾಂಶ ಅದನ್ನೂ ಪಕ್ಕದಲ್ಲಿ ತೋರಿಸುತ್ತದೆ. ಬಳಸುವವನು ತನ್ನದೇ ಮೌಲ್ಯವನ್ನು ತುಂಬಲೂ ಅವಕಾಶವುಂಟು. ಅಪಾಯವಿರುವುದು ಇಲ್ಲಿಯೇ. ಹೊಳೆಯಲ್ಲಿ ಬಿದ್ದ ಪದಾರ್ಥ ಎಷ್ಟು ಹೊತ್ತಿನಲ್ಲಿ ಅರ್ಧದಷ್ಟು ಗಾಳಿಗೆ ಹೋಗುತ್ತದೆ, ಕೆರೆಯಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬ ಮುಂದಿನ ಲೆಕ್ಕಗಳೆಲ್ಲ ಈ ಅಂಕಿಯನ್ನೇ ಹಿಡಿದು ಸಾಗುತ್ತವೆ. ತಂತ್ರಾಂಶ ವಾಯುಭಾರದ ಮಾನವನ್ನು ಕೇಳುವಲ್ಲಿ ಪ್ಯಾಸ್ಕಲಿನ ಮಾನದ ಅಂಕಿಯನ್ನು ತುಂಬಿದರೆ, ವ್ಯತ್ಯಾಸ ಒಂದು ಲಕ್ಷ ಪಟ್ಟು! ಗಣಕ ಚಕಾರವೆತ್ತದೆ ಉತ್ತರ ಕೊಡುತ್ತದೆ.

ಈ ಲೆಕ್ಕ ಬರಿಯ ಪರೀಕ್ಷೆಯ ಲೆಕ್ಕವಲ್ಲವೆಂಬುದನ್ನು ನಮ್ಮಂತೆಯೇ ಗಡಿಯಲ್ಲಿ ಉಳಿದ ಕಾಸರಗೋಡಿನ ಕನ್ನಡಿಗರು ಬಲ್ಲರು. ಅಲ್ಲಿಯ ಗೇರುತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಿದರು. ಎಣ್ಮಕಜೆ ಪಂಚಾಯತಿಯ ಪಡ್ರೆಯಂಥ ಹಳ್ಳಿಗಳಲ್ಲಿ ಕುಡಿಯುವ ನೀರು ಗುಡ್ಡದ ಒಡಲಿನಿಂದ ಬರುವ ಸುರಂಗಗಳದು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರರೂ ಪತ್ರಕರ್ತ ಶ್ರೀ ಪಡ್ರೆಯವರೂ ಅಲ್ಲಿಯ ಜನರ, ಅದರಲ್ಲಿಯೂ ಮಕ್ಕಳ, ರೋಗಗಳನ್ನು ಕುರಿತು ಬರೆದ ಮೇಲೆ ಲೋಕದ ಗಮನ ಅತ್ತ ಹರಿಯಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಈ ವಿಷವನ್ನು ನಿಷೇಧದ ಪಟ್ಟಿಗೆ ಸೇರಿಸಿದುವು. ಅದೇ ವರ್ಷದ ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಅದರ ತಯಾರಿಕೆ ಮಾರಾಟಗಳನ್ನು ತಡೆಹಿಡಿಯಿತು. ಸಿಂಪಡಿಸಿದ ಸ್ಥಳದಲ್ಲಿಯೇ ನಿಲ್ಲದೆ ಗಾಳಿಯಲ್ಲಿ ಬಹುದೂರ ಸಾಗುವುದು ಈ ಪದಾರ್ಥದ ಗುಣ. ಉತ್ತರಧ್ರುವ ಪ್ರದೇಶದ ಗಾಳಿಯಲ್ಲಿಯೂ ಅದು ಕಂಡುಬಂದಿದೆ.

ನೀರಿಗೆ ಬಿದ್ದ ಎಂಡೋಸಲ್ಫಾನ್ ನೀರಿನಲ್ಲಿ ಉಳಿಯುವುದೋ ಗಾಳಿಗೆ ಏರುವುದೋ ಎಂದು ತಿಳಿಯಲು ಹೆನ್ರಿ ಸ್ಥಿರಾಂಕ ಬೇಕು. ಮಾರಾಟದ ಎಂಡೋಸಲ್ಫಾನಿನಲ್ಲಿ ಆಲ್ಫಾ ಮತ್ತು ಬೀಟಾ ಎಂಬ ಎರಡು ರೂಪಗಳು ಸುಮಾರು ಏಳಕ್ಕೆ ಮೂರರ ಪ್ರಮಾಣದಲ್ಲಿ ಸೇರಿರುತ್ತವೆ. ಎರಡರಲ್ಲಿಯೂ ಪರಮಾಣುಗಳೂ ಬಂಧಗಳೂ ಒಂದೇ. ಅವಕಾಶದಲ್ಲಿ ಅವು ಬಾಗಿರುವ ರೀತಿ ಮಾತ್ರ ಬೇರೆ. ಅಳತೆ ಮಾಡಿ ನೋಡಿದವರಿಗೆ ಆಲ್ಫಾ ರೂಪ ಬೀಟಾಕ್ಕಿಂತ ಎಷ್ಟೋ ಸುಲಭವಾಗಿ ನೀರನ್ನು ಬಿಟ್ಟು ಗಾಳಿಗೆ ಏರುವುದು ಕಂಡಿದೆ. ಬಂಧಗಳನ್ನು ಎಣಿಸುವ ವಿಧಾನಕ್ಕಾದರೋ ಈ ಭೇದ ತಿಳಿಯದು. ಚೀಟಿಯಲ್ಲಿರುವ ಸಾಮಾನುಗಳು ಒಂದೇ ಆದಮೇಲೆ ಮೊತ್ತವೂ ಒಂದೇ. ಎರಡಕ್ಕೂ ಅದೊಂದೇ ಅಂಕಿ. ವಿಧಾನ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಅಳತೆಯೇ ಆಗದ ಸಾವಿರಾರು ಪದಾರ್ಥಗಳಿಗೆ ಅಂದಾಜಲ್ಲದೆ ಬೇರೆ ಗತಿಯಿಲ್ಲ. ಆದರೆ ಕುಡಿಯುವ ನೀರಿನ ವಿಷಯದಲ್ಲಿ ಅಂಕಿ ಹೇಳುವವರು, ಅದು ಅಳೆದದ್ದೋ ಊಹಿಸಿದ್ದೋ ಎಂಬುದನ್ನು ಕೂಡಿಯೇ ಹೇಳಬೇಕೆಂದು ಕೇಳುವ ಹಕ್ಕು ಆ ನೀರನ್ನು ಕುಡಿಯುವವರಿಗೆ ಇದೆ.

ಹೀಗೆ ಮೂಲವನ್ನು ಕೂಡಿಯೇ ಹೇಳುವ ಪರಿಪಾಟಿಗೆ ಒಳ್ಳೆಯ ಮಾದರಿಯಿದೆ. ಜರ್ಮನಿಯ ಮೈಂಜ್ ನಗರದ ಮ್ಯಾಕ್ಸ್ ಪ್ಲಾಂಕ್ ರಸಾಯನಶಾಸ್ತ್ರ ಸಂಸ್ಥೆಯ ರಾಲ್ಫ್ ಸ್ಯಾಂಡರ್ ನೀರಿನಲ್ಲಿ ಕರಗುವ ಪದಾರ್ಥಗಳ ಸ್ಥಿರಾಂಕಗಳನ್ನು ಬಹುಕಾಲದಿಂದ ಸಂಗ್ರಹಿಸುತ್ತಿದ್ದಾರೆ. 2015ರ ಆವೃತ್ತಿಯಲ್ಲಿ 4,632 ಪದಾರ್ಥಗಳಿಗೆ 17,350 ಮೌಲ್ಯಗಳಿದ್ದುವು. 2023ರದರಲ್ಲಿ 10,173 ಪದಾರ್ಥಗಳಿಗೆ 46,434. ಒಂದೇ ಪದಾರ್ಥಕ್ಕೆ ಹಲವು ಮೌಲ್ಯಗಳಿದ್ದರೆ ಅವೆಲ್ಲವನ್ನೂ ಕೊಟ್ಟು, ಅಳತೆಯದಕ್ಕೆ ಒಂದು ಅಕ್ಷರ, ಬಾಷ್ಪದೊತ್ತಡದಿಂದ ಗಣಿಸಿದ್ದಕ್ಕೆ ಒಂದು ಅಕ್ಷರ, ರಚನೆಯಿಂದ ಊಹಿಸಿದ್ದಕ್ಕೆ ಇನ್ನೊಂದು ಅಕ್ಷರ ಹೀಗೆ ಗುರುತು ಹಾಕಿದ್ದಾರೆ. ತಮ್ಮ ಅಂಕಿಯ ಜಾತಕವನ್ನು ಇಷ್ಟು ವಿವರವಾಗಿ ಬರೆದಿಡುವವರು ವಿರಳ.

ಗಣಕವಿಲ್ಲದ ಶಾಲೆಗಳಲ್ಲಿಯೂ ಈ ಪಾಠವನ್ನು ನಡೆಸಬಹುದು. ಬೆಂಜೀನಿನ ಬಾಷ್ಪದೊತ್ತಡ 25 ಡಿಗ್ರಿಯಲ್ಲಿ ಸುಮಾರು 12,700 ಪ್ಯಾಸ್ಕಲ್. ಒಂದು ಲೀಟರು ನೀರಿನಲ್ಲಿ ಅದು ಸುಮಾರು 1.79 ಗ್ರಾಂ ಕರಗುತ್ತದೆ. ಅಣುತೂಕ 78ರಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಒಂದು ಘನಮೀಟರಿಗೆ 22.9 ಮೋಲ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಲಿ: ಸುಮಾರು 555. ನೇರವಾಗಿ ಅಳೆದವರಿಗೆ ಬಂದ ಮೌಲ್ಯ 560ರ ಆಸುಪಾಸು. ಉತ್ತರ ಬರೆಯುವಾಗ ಹುಡುಗರು 555 ಎಂದಷ್ಟೇ ಬರೆದರೆ ಅರ್ಧ ಅಂಕ ಕೊಡುವುದು ನಮ್ಮ ಪದ್ಧತಿ. ಮಾನ, ಉಷ್ಣತೆ, ದ್ರಾವಕ, ಮತ್ತು ‘ಬಾಷ್ಪದೊತ್ತಡದಿಂದ ಗಣಿಸಿದ್ದು’ ಎಂಬ ಮಾತು ಇವಿಷ್ಟೂ ಇದ್ದರೆ ಪೂರ್ಣಾಂಕ.