ಸ್ನಾನಗೃಹದ ಟೈಲ್ಸ್: ಲೆಕ್ಕ ಮೊದಲು, ಅಂಟಿಸುವುದು ಆಮೇಲೆ

ಸ್ನಾನಗೃಹದ ಗೋಡೆಗೆ ಸೀಲಿಂಗ್‌ವರೆಗೂ ಟೈಲ್ಸ್ ಹಾಕಿಸಬೇಕೆಂದಿದ್ದೀರಾ? ಹಾಗಾದರೆ ಕೆಲಸ ಶುರುವಾಗುವ ಮೊದಲು ಮೇಸ್ತ್ರಿಯೊಡನೆ ಹತ್ತು ನಿಮಿಷ ಮಾತನಾಡಿ. ಯಜಮಾನರು ಗಲ್ಫಿನಲ್ಲಿದ್ದು ಮನೆ ಕಟ್ಟಿಸುವ ಹೊಣೆ ನಿಮ್ಮ ಮೇಲೆ ಬಿದ್ದಿದ್ದರಂತೂ ಇದು ತೀರಾ ಅಗತ್ಯ. ಒಮ್ಮೆ ಅಂಟಿದ ಟೈಲ್ಸ್ ಕಿತ್ತರೆ ಮತ್ತೆ ಬಳಕೆಗೆ ಬರುವುದು ಕಡಿಮೆ. ಅವರು ಬೆವರು ಸುರಿಸಿ ಕಳಿಸಿದ ಹಣ ಚೂರುಚೂರಾಗಿ ಅಂಗಳದ ಮೂಲೆ ಸೇರುತ್ತದೆ.

ಹಿಂದೆ ನಾಲ್ಕಡಿ ಹಾಕಿಸಿದರೆ ದೊಡ್ಡದಾಗಿತ್ತು. ಆಮೇಲೆ ಬಾಗಿಲಿನ ಎತ್ತರ, ಅಂದರೆ 7 ಅಡಿ ರೂಢಿಯಾಯಿತು. 5 ಅಡಿ ಅಗಲ, 7 ಅಡಿ ಉದ್ದದ ಸ್ನಾನಗೃಹದಲ್ಲಿ ಅದನ್ನು 9 ಅಡಿಗೆ ಏರಿಸಿದರೆ ಸುಮಾರು 48 ಚದರಡಿ ಹೆಚ್ಚು ಬೇಕು. ಕರಾವಳಿಯ ಮಳೆಗಾಲದಲ್ಲಿ ಬಿಸಿನೀರಿನ ಹಬೆ ತಾಗಿ ಮೇಲಿನ ಬಣ್ಣ ಸುಲಿದು ಬೂಸ್ಟು ಹಿಡಿಯುವುದನ್ನು ಕಂಡವರಿಗೆ ಈ ಖರ್ಚು ಭಾರವೆನಿಸದು. ಆದರೆ ಹಬೆ ಹೊರಹೋಗಲು ಗವಾಕ್ಷಿ ಬೇಕೇ ಬೇಕು. ಇಲ್ಲವಾದರೆ ಬೂಸ್ಟು ಗೋಡೆ ಬಿಟ್ಟು ಸೀಲಿಂಗಿಗೆ ಹತ್ತುತ್ತದೆ, ಅಷ್ಟೆ.

ಅಂದಗೆಡುವುದು ಹೆಚ್ಚಾಗಿ ಸೀಲಿಂಗಿನ ಅಂಚಿನಲ್ಲಿ. ಎತ್ತರ 273 ಸೆಂ.ಮೀ. ಇದೆ, ಟೈಲ್ಸಿನ ಎತ್ತರ 45 ಸೆಂ.ಮೀ. ಎಂದಿಟ್ಟುಕೊಳ್ಳಿ. ಕೆಳಗಿನಿಂದ ಇಡೀ ಟೈಲ್ಸ್ ಹಾಕುತ್ತಾ ಹೋದರೆ 6 ಸಾಲಿಗೆ ಸಂದು ಸೇರಿ 271 ಸೆಂ.ಮೀ. ಆಗುತ್ತದೆ. ಮೇಲೆ ಉಳಿಯುವುದು 2 ಸೆಂ.ಮೀ. ಸೀಳು. ಸೀಲಿಂಗ್ ಎಲ್ಲಿಯೂ ಪೂರ್ತಿ ಸಮತಟ್ಟಾಗಿರುವುದಿಲ್ಲ. ಆ ಸೀಳು ಒಂದು ಮೂಲೆಯಲ್ಲಿ 3, ಇನ್ನೊಂದರಲ್ಲಿ 1 ಆಗಿ ಬಂದವರ ಕಣ್ಣಿಗೆಲ್ಲ ಚುಚ್ಚುತ್ತದೆ. ಅದರ ಬದಲು ಕೆಳಸಾಲನ್ನು 25ಕ್ಕೆ ಕತ್ತರಿಸಿ. ನಡುವೆ 5 ಇಡೀ ಸಾಲು, ಮೇಲೆ ಸುಮಾರು 22 ಬರುತ್ತದೆ. 22ರಲ್ಲಿ ಒಂದು ಸೆಂಟಿಮೀಟರ್ ಏರುಪೇರಾದರೂ ಯಾರಿಗೂ ಕಾಣುವುದಿಲ್ಲ.

ನೆಲ ನೀರು ಹೋಗುವ ಕಡೆಗೆ ಇಳಿಜಾರಾಗಿರುತ್ತದೆ. ಆದ್ದರಿಂದ ನೆಲದಿಂದಲೇ ಶುರು ಮಾಡುವುದು ಬೇಡ. ಲೆವೆಲ್ ಪೈಪಿನಿಂದ ನಾಲ್ಕೂ ಗೋಡೆಗೆ ಒಂದೇ ಗೆರೆ ಹಾಕಿಸಿ, ಅದಕ್ಕೆ ನೇರವಾದ ಪಟ್ಟಿ ಹೊಡೆದು ಎರಡನೇ ಸಾಲಿನಿಂದ ಮೇಲಕ್ಕೆ ಹೋಗಲಿ. ಕೆಳಸಾಲನ್ನು ಕೊನೆಗೆ ಅಳೆದು ಕತ್ತರಿಸಿದರಾಯಿತು. ಕೆಂಪುಕಲ್ಲಿನ ಗೋಡೆಯಾದರೆ ಮೊದಲು ಸಾರಣೆ ಮಾಡಿಸಿ ತೂಕದ ಗುಂಡಿನಿಂದ ನೇರ ನೋಡಿಸಿ.

ಟೈಲ್ಸ್ ಇದ್ದರೆ ನೀರು ಇಳಿಯದು ಎಂಬುದು ಬರೀ ಭ್ರಮೆ. ಸಂದುಗಳ ಮೂಲಕ ನೀರು ಒಳಗೆ ಹೋಗಿ ಆಚೆ ಕೋಣೆಯ ಗೋಡೆ ಒದ್ದೆಯಾಗುತ್ತದೆ. ಸ್ನಾನದ ಜಾಗ ಮತ್ತು ವುಝೂವಿನ ನಲ್ಲಿಯ ಸುತ್ತ ಸಾರಣೆಯ ಮೇಲೆ ವಾಟರ್‌ಪ್ರೂಫ್ ಲೇಪನ ಕೊಡಿಸಿ, ಒಣಗಿದ ಮೇಲೆಯೇ ಟೈಲ್ಸ್ ಹಾಕಿಸಿ.

ಡಬ್ಬಿಗಳನ್ನು ಒಟ್ಟಿಗೇ ತನ್ನಿ. ಮೇಲಿನ ಶೇಡ್ ಸಂಖ್ಯೆ ಎಲ್ಲದರಲ್ಲೂ ಒಂದೇ ಇರಲಿ. ನೂರಕ್ಕೆ ಹತ್ತರಷ್ಟು ಹೆಚ್ಚು ಬೇಕು, ಉಳಿದದ್ದನ್ನು ಅಟ್ಟದಲ್ಲಿಡಿ.

ಕೂಲಿ ಚುಕ್ತಾ ಮಾಡುವ ಮೊದಲು ಪ್ರತಿ ಟೈಲನ್ನೂ ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಹಿಂದೆ ಗಾರೆ ತುಂಬಿಲ್ಲವೆಂದರ್ಥ. ನಾಳೆ ಗೀಸರಿಗೆ ಅಲ್ಲೇ ತೂತು ಕೊರೆದರೆ ಅದು ಬಿರುಕು ಬಿಡುತ್ತದೆ. ಅಂಥವನ್ನು ಗುರುತು ಹಾಕಿ, ಮೇಸ್ತ್ರಿ ಇರುವಾಗಲೇ ಬದಲಾಯಿಸಿಕೊಳ್ಳಿ.