ಗೋಡೆಯಿಲ್ಲದ ಜೈಲು, ನಂಬಿಕೆಯೇ ಬೀಗ!
ಜತ್ತ ನೆರೆಯ ಆಟಪಾಡಿಯಲ್ಲಿ 1939ರಲ್ಲಿ ಶುರುವಾದ ಪ್ರಯೋಗ

ಜತ್ತ: ಶಿಕ್ಷೆ ಮುಗಿಸಿ ಜೈಲಿನಿಂದ ಹೊರಬಂದವನಿಗೆ ನಿಜವಾದ ಪರೀಕ್ಷೆ ಶುರುವಾಗುವುದು ಊರ ಅಗಸಿಯಲ್ಲಿ. ‘ಜೈಲಿಗಿ ಹೋಗಿ ಬಂದಾವ’ ಎಂಬ ಒಂದು ಮಾತು ಸಾಕು. ಹೊಲದಾಗ ಕೂಲಿ ಇಲ್ಲ, ಕಿರಾಣಿ ಅಂಗಡ್ಯಾಗ ಉದ್ರಿ ಇಲ್ಲ, ಮನೀ ಮಗಳಿಗಿ ವರ ಬರೂದಿಲ್ಲ. ಇಷ್ಟೆಲ್ಲ ಬಾಗಿಲು ಮುಚ್ಚಿದ ಮೇಲೆ ತೆರೆದಿರುವುದು ಹಳೆಯ ಗೆಳೆಯರ ಬಾಗಿಲು ಮಾತ್ರ. ಅಲ್ಲಿಂದ ಮತ್ತೆ ಅದೇ ಕಟಕಟೆ, ಅದೇ ಕೋಳ!

ಈ ಸುತ್ತು ತಪ್ಪಿಸುವುದು ಹೇಗೆ? ಇದಕ್ಕೊಂದು ಉತ್ತರವನ್ನು ನಮ್ಮ ನೆರೆಯ ಆಟಪಾಡಿ ಸ್ವಾತಂತ್ರ್ಯಕ್ಕೂ ಮೊದಲೇ ಹುಡುಕಿತ್ತು. ಆಟಪಾಡಿಯ ‘ಸ್ವತಂತ್ರಪುರ’ ಬಂದೀಖಾನೆಗೆ ಎತ್ತರದ ಗೋಡೆಯಿಲ್ಲ. ಕೈದಿಗಳು ಹೆಂಡತಿ ಮಕ್ಕಳ ಜೊತೆ ಅಲ್ಲೇ ಸಂಸಾರ ಮಾಡುತ್ತಾರೆ, ಹೊಲ ಗೇಯುತ್ತಾರೆ, ಶಿಕ್ಷೆ ಮುಗಿಸಿ ಊರಿಗೆ ಹೋಗುತ್ತಾರೆ. ಹೆಸರೇ ಹೇಳುವಂತೆ ಅದು ಸ್ವತಂತ್ರರ ಊರು.

ಬೆಂಗಳೂರಿನಿಂದ ಬಂದ ಎಂಜಿನಿಯರ್

ಆಗ ಆಟಪಾಡಿ ಔಂಧ ಸಂಸ್ಥಾನಕ್ಕೆ ಸೇರಿತ್ತು. ಕೇವಲ 72 ಹಳ್ಳಿಗಳ ಪುಟ್ಟ ಸಂಸ್ಥಾನ, ಅದೂ ಒಂದೇ ಕಡೆ ಇರದೆ ಚದುರಿದ್ದು. ಈಗಿನ ವಿಜಯಪುರ ಜಿಲ್ಲೆಯ ಗುಣದಾಳ ಕೂಡ ಔಂಧದ ಒಂದು ತಾಲ್ಲೂಕಾಗಿತ್ತು ಎಂಬುದು ಗಮನಾರ್ಹ. ಅಂದರೆ ಈ ರಾಜನಿಗೆ ಕನ್ನಡ ಪ್ರಜೆಗಳೂ ಇದ್ದರು!

ರಾಜ ಭವಾನರಾವ್ ಪಂತ ಪ್ರತಿನಿಧಿ ಉದಾರಿ. 1939ರಲ್ಲಿ ಗಾಂಧೀಜಿಯ ಮಾರ್ಗದರ್ಶನದಲ್ಲಿ ತನ್ನ ಅಧಿಕಾರವನ್ನೇ ಪ್ರಜೆಗಳಿಗೆ, ಹಳ್ಳಿಯ ಪಂಚಾಯತಿಗಳಿಗೆ ಬಿಟ್ಟುಕೊಟ್ಟವರು. ಈ ಕೆಲಸದಲ್ಲಿ ಅವರಿಗೆ ನೆರವಾದವರು ಪೋಲೆಂಡ್ ಮೂಲದ ಮಾರಿಸ್ ಫ್ರೀಡ್‌ಮನ್. ಇವರು ಮೈಸೂರು ಸಂಸ್ಥಾನಕ್ಕಾಗಿ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆ ನಡೆಸಿದ ಎಂಜಿನಿಯರ್. ಕಾವಿ ಉಟ್ಟು ‘ಭಾರತಾನಂದ’ ಎನಿಸಿಕೊಂಡ ಫ್ರೀಡ್‌ಮನ್ನರಿಗೆ ರಾಜಕುಮಾರ ಅಪ್ಪಾ ಪಂತರ ಸ್ನೇಹವಾಗಿ, ಆ ಸ್ನೇಹವೇ ಅವರನ್ನು ಔಂಧಕ್ಕೆ ಕರೆತಂದಿತು.

ಕೈದಿಗಳನ್ನು ಕೋಣೆಯಲ್ಲಿ ಕೂಡಿಹಾಕುವ ಬದಲು ಬಯಲಿಗೆ ತಂದು ಜವಾಬ್ದಾರಿ ಕೊಡಬೇಕು, ಕುಟುಂಬವನ್ನು ಜೊತೆಗಿಡಬೇಕು ಎಂಬ ವಿಚಾರದ ಹಿಂದೆ ಇದ್ದವರು ಇದೇ ಫ್ರೀಡ್‌ಮನ್. ರಾಜ ಒಪ್ಪಿದರು. ಸ್ವತಂತ್ರಪುರ ಹುಟ್ಟಿತು. 1948ರಲ್ಲಿ ಔಂಧ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದರೂ ಈ ವಸಾಹತು ಉಳಿಯಿತು. ಈಗ ಅದು ಮಹಾರಾಷ್ಟ್ರ ಕಾರಾಗೃಹ ಇಲಾಖೆಯ ಕೈಯಲ್ಲಿದೆ.

ಬೆಳ್ಳಿತೆರೆಗೂ ಬಂತು

ವಿ. ಶಾಂತಾರಾಮರ 1957ರ ‘ದೋ ಆಂಖೇ ಬಾರಹ್ ಹಾಥ್’ ಚಿತ್ರವನ್ನು ಹಿರಿಯರು ಮರೆತಿರಲಾರರು. ಆರು ಮಂದಿ ಕೊಲೆಗಡುಕರನ್ನು ಒಬ್ಬ ಜೈಲರ್ ಬರಡು ಭೂಮಿಗೆ ಕರೆದೊಯ್ದು ರೈತರನ್ನಾಗಿ ಮಾಡುವ ಕಥೆ. ಹನ್ನೆರಡು ಕೈಗಳು ಕೈದಿಗಳವು, ಎರಡು ಕಣ್ಣು ಆ ಜೈಲರನದು. ಇದಕ್ಕೆ ಪ್ರೇರಣೆ ಸ್ವತಂತ್ರಪುರ. ಕಥೆ ಬರೆದ ಮರಾಠಿ ಕವಿ ಗ.ದಿ. ಮಾಡಗೂಳಕರ ಆಟಪಾಡಿ ಸೀಮೆಯವರೇ. ಚಿತ್ರಕ್ಕೆ ರಾಷ್ಟ್ರಪತಿ ಸ್ವರ್ಣಪದಕ, 1958ರಲ್ಲಿ ಬರ್ಲಿನ್ ಚಿತ್ರೋತ್ಸವದ ರಜತ ಕರಡಿ ಬಂದವು. ಚಿತ್ರ ಜಗತ್ತು ಸುತ್ತಿತು. ಸ್ವತಂತ್ರಪುರ ಮಾತ್ರ ಇಂದಿಗೂ ಕೆಲವೇ ಕುಟುಂಬಗಳ ಸಣ್ಣ ವಸಾಹತಾಗಿಯೇ ಇದೆ.

ಸೊಲ್ಲಾಪುರದ ತಂತಿಬೇಲಿ

ಇದೇ ಸೀಮೆಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ ದಾರಿಯೂ ಇತ್ತು. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಮುಂದೆ ಪಾರಧಿ, ಕೈಕಾಡಿ ಮುಂತಾದ ಜನರಿಗೆ ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ ಹಚ್ಚಿದರು. ಸೊಲ್ಲಾಪುರದಲ್ಲಿ ಅವರನ್ನು ತಂತಿಬೇಲಿಯೊಳಗೆ ಇಟ್ಟರು, ಹಾಜರಿ ಹಾಕಿಸಿದರು. ಆ ಜಾಗಕ್ಕೆ ‘ಸೆಟ್ಲಮೆಂಟ್’ ಎಂಬ ಹೆಸರು ಉಳಿದುಬಿಟ್ಟಿತು. 1952ರಲ್ಲಿ ಕಾಯ್ದೆ ರದ್ದಾಯಿತು, ಬೇಲಿ ಹೋಯಿತು. ಆದರೆ ಎಲ್ಲೇ ಕಳವಾದರೂ ಮೊದಲು ಪಾರಧಿ ಓಣಿಯತ್ತ ಕೈ ತೋರಿಸುವ ಚಾಳಿ ಹೋಯಿತೇ? ಒಮ್ಮೆ ಅಂಟಿದ ಹೆಸರು ಎಷ್ಟು ತಲೆಮಾರು ಕಾಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಒಂದು ಕಡೆ ತಪ್ಪು ಮಾಡದವನನ್ನೂ ಬೇಲಿಯೊಳಗೆ ಇಟ್ಟರು. ಇನ್ನೊಂದು ಕಡೆ ಕೊಲೆ ಮಾಡಿದವನನ್ನೂ ಬೇಲಿಯಿಲ್ಲದೆ ನಂಬಿದರು.

ಬಯಲು ಬಂದೀಖಾನೆಯ ಗುಟ್ಟು

ಬಹಳ ವರ್ಷ ಒಳಗಿದ್ದವನಿಗೆ ದುಡಿಮೆಯ ರೂಢಿ ತಪ್ಪುತ್ತದೆ, ಮಕ್ಕಳಿಗೆ ಅಪ್ಪನ ಮುಖ ಮರೆಯುತ್ತದೆ. ಬಯಲು ಬಂದೀಖಾನೆಯಲ್ಲಿ ಇವೆರಡೂ ತಪ್ಪುವುದಿಲ್ಲ. ನಸುಕಿನಲ್ಲಿ ಎದ್ದು ಹೊಲಕ್ಕೆ ಹೋಗಬೇಕು, ದುಡಿದದ್ದರಲ್ಲಿ ಮನೆ ನಡೆಸಬೇಕು. ಓಡಿಹೋದರೆ ಹೆಂಡತಿ ಮಕ್ಕಳ ಗತಿಯೇನು ಎಂಬ ಕಾಳಜಿಯೇ ಕಾವಲು. ಬಿಡುಗಡೆ ಎಂಬುದು ಒಮ್ಮೆಲೇ ಬಂದು ಎದುರು ನಿಲ್ಲುವುದಿಲ್ಲ, ದಿನಾ ಸ್ವಲ್ಪ ಸ್ವಲ್ಪ ರೂಢಿಯಾಗುತ್ತದೆ.

ಒಳ್ಳೆಯ ನಡತೆಯವರನ್ನೇ ಆರಿಸಿ ಕಳಿಸಿದರೆ ಫಲ ಒಳ್ಳೆಯದೇ ಬರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇಟಲಿಯ ಮಿಲಾನ್ ಬಳಿಯ ಬೊಲ್ಲಾತೆ ಎಂಬ ತೆರೆದ ಬಾಗಿಲಿನ ಜೈಲಿನಲ್ಲಿ ಸಂಶೋಧಕರು ಇದನ್ನು ಪರೀಕ್ಷಿಸಿದ್ದಾರೆ. ಬೇರೆ ಜೈಲು ತುಂಬಿ ತುಳುಕಿದ್ದಕ್ಕೆ, ಆರಿಸದೆಯೇ ಅಲ್ಲಿಗೆ ಕಳಿಸಿದ ಕೈದಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಅಷ್ಟೇ ಶಿಕ್ಷೆಯಲ್ಲಿ ಹೆಚ್ಚು ದಿನ ಅಲ್ಲಿ ಕಳೆದವರು ಮತ್ತೆ ಜೈಲಿಗೆ ಬರುವುದು ಕಡಿಮೆ ಎಂಬುದು ಅವರು ಕಂಡ ಸತ್ಯ.

ಎಲ್ಲರಿಗೂ ಸಿಗದ ಬಯಲು

ಆಟಪಾಡಿಯ ಮಾದರಿ ಬೇರೆ ಕಡೆಗೂ ಇದೆ. ರಾಜಸ್ಥಾನದ ಸಾಂಗಾನೇರ್‌ನಲ್ಲಿ ಕೈದಿಗಳು ಕುಟುಂಬದೊಡನೆ ಇದ್ದು, ಹಗಲು ಹೊರಗೆ ದುಡಿದು ಸಂಜೆ ಹಾಜರಿಗೆ ಬರುತ್ತಾರೆ. ಕಾಸರಗೋಡು ಜಿಲ್ಲೆಯ ಚೀಮೇನಿಯಲ್ಲಿ, ಕರ್ನಾಟಕದ ದೇವನಹಳ್ಳಿ ಬಳಿಯ ಕೋರಮಂಗಲದಲ್ಲಿ ಕೂಡ ಬಯಲು ಬಂದೀಖಾನೆಗಳಿವೆ.

ಆದರೆ ಇವು ಶಿಕ್ಷೆಯಾದವರಿಗೆ ಮಾತ್ರ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿರಲೇ ಇಲ್ಲ! ಸಣ್ಣ ಕಳವಿನ ಆರೋಪದಲ್ಲಿ ಒಳಹೋದ ಹುಡುಗ ಜಾಮೀನಿಗೆ ದುಡ್ಡಿಲ್ಲದೆ ಪಳಗಿದ ಕಳ್ಳರ ಮಧ್ಯೆ ತಿಂಗಳುಗಟ್ಟಲೆ ಕೂರುತ್ತಾನೆ. ಅವನಿಗೆ ಸ್ವತಂತ್ರಪುರದ ಬಾಗಿಲು ತೆರೆಯುವುದಿಲ್ಲ. ಇಂಥವರಿಗಾಗಿ ಮುಂಬಯಿಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಪ್ರಯಾಸ್’ 1990ರಿಂದ ದುಡಿಯುತ್ತಿದೆ. ಗಡಿಯ ಹಳ್ಳಿಗಳಲ್ಲಿ ಅಂಥ ಕೆಲಸಕ್ಕೆ ಊರವರೇ ಮುಂದಾಗಬೇಕು.

ಊರಿನವರು ಮಾಡಬಹುದಾದ್ದು

ಜೈಲಿನಲ್ಲಿರುವ ಪ್ರತಿಯೊಬ್ಬನಿಗೂ ಪುಕ್ಕಟೆ ವಕೀಲರನ್ನು ಪಡೆಯುವ ಹಕ್ಕಿದೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಇದನ್ನು ಕೊಟ್ಟಿದೆ. ಮನೆಯವರು ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಸಾಕು. ನಮ್ಮ ಕಡೆ ಕಾಗದಪತ್ರ ಮರಾಠಿಯಲ್ಲಿ ಇರುವುದರಿಂದ ಕನ್ನಡ ಮಾತ್ರ ಬಲ್ಲ ತಾಯಂದಿರು ಅಲ್ಲೇ ಎಡವುತ್ತಾರೆ. ಎರಡೂ ಭಾಷೆ ಬಲ್ಲ ಶಿಕ್ಷಕರು, ಕಾಲೇಜು ಹುಡುಗರು ಒಂದು ತಾಸು ಕೊಟ್ಟರೆ ಒಬ್ಬನ ಜಾಮೀನು ಆದೀತು.

ಹೊರಬಂದವನಿಗೆ ಮೊದಲು ಬೇಕಾದದ್ದು ಆಧಾರ್, ರೇಷನ್ ಕಾರ್ಡಿನಲ್ಲಿ ಹೆಸರು, ನಾಲ್ಕು ದಿನದ ಕೂಲಿ. ದ್ರಾಕ್ಷಿ ತೋಟ, ದಾಳಿಂಬೆ ತೋಟ, ಕಬ್ಬು ಕಡಿಯುವ ಗ್ಯಾಂಗ್ ಎಲ್ಲ ಕಡೆಯೂ ಆಳು ಬೇಕೇ ಬೇಕು. ಅವನಿಂದ ಪೆಟ್ಟು ತಿಂದ ಮನೆಯ ನೋವನ್ನು ಯಾರೂ ಮರೆಯಬೇಕಿಲ್ಲ. ಅವರ ಅಂಜಿಕೆಗೂ ಅರ್ಥವಿದೆ. ಹಿರಿಯರು ಎರಡೂ ಮನೆಯವರೊಡನೆ ಕೂತು ಮಾತಾಡಿದರೆ ಸೇಡಿನ ಕಿಡಿಯೂ ಆರೀತು. ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತವನಿಗಿಂತ, ತೋಟದಲ್ಲಿ ಬೆವರು ಸುರಿಸುವವನಿಂದ ಊರಿಗೆ ಅಪಾಯ ಕಡಿಮೆ.